ನಲ್ಲೀಲಿ ಬಗ್ಗಡ ನೀರು: ಭಾನುವಾರ ಸ್ಯಾಂಪಲ್ ತೆಗೆಯೋ ವಿಚಾರ

ಪಾರ್ಕ್ ಎದುರು ಮನೆ: ಮೂರನೇ ಕ್ರಾಸ್‌ನವರಿಗೆಲ್ಲ ಇವತ್ತೂ ಬಗ್ಗಡ ನೀರೇ ಬಂತಾ? ಬಿಳಿ ಬಕೆಟ್‌ಗೆ ಹಿಡಿದ್ರೆ ತಳ ಕಾಣ್ತಿಲ್ಲ. ಸ್ವಲ್ಪ ಹೊತ್ತು ಅಲ್ಲಾಡಿಸದೆ ಬಿಟ್ರೆ ಕೆಂಪಗೆ, ನುಣ್ಣಗೆ ಮಣ್ಣು ಕೂರುತ್ತೆ. ಪಕ್ಕದ ಮನೆ ಮಗೂಗೆ ಬೇರೆ ವಾಂತಿ-ಭೇದಿ.

ಮೊದಲನೇ ಕ್ರಾಸ್, ಮೂಲೆ ಮನೆ: ಆಷಾಢದಲ್ಲಿ ಹೊಸ ನೀರು ಬಂದಾಗ ಇದು ಇದ್ದಿದ್ದೇ ಅಲ್ವಾ ಮೇಡಂ? ಮಾರ್ಚ್‌ನಲ್ಲಿ ಲ್ಯಾಬ್‌ಗೆ ಕೊಟ್ಟಾಗ ಎಲ್ಲ ಸರಿಯಾಗಿದೆ ಅಂತ ಬಂದಿತ್ತು. ನೀರಿನ ಕಚೇರಿಯವರೂ ಅದನ್ನೇ ತೋರಿಸ್ತಾರೆ.

ಎರಡನೇ ಕ್ರಾಸ್, ನೀರಿನ ಸಮಿತಿ: ಸಾರ್, ಆ ರಿಪೋರ್ಟ್ ಬೇಸಿಗೆ ನೀರಿಂದು. ಅದನ್ನ ಇಟ್ಕೊಂಡು ಈಗಿನ ನೀರಿಗೆ ಸರ್ಟಿಫಿಕೇಟ್ ಕೊಡೋಕಾಗಲ್ಲ. ಬೇಸಿಗೇಲಿ ಹರಿವು ಇಳಿದಿರುತ್ತೆ, ಹೂಳು ಕೂತು ನೀರು ತಿಳಿಯಾಗಿ ಕಾಣುತ್ತೆ. ಆದ್ರೆ ಹೊಳೆಗೆ ಸೇರೋ ಕೊಳಚೆ ಕಮ್ಮಿಯಾಗದೆ ಅಷ್ಟೇ ಇರೋದ್ರಿಂದ ಲವಣ, ಗಡಸುತನ ಏರುತ್ತೆ. ಬಿಸಿಲಿಗೆ ಆಮ್ಲಜನಕಾನೂ ಇಳಿಯುತ್ತೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯೋ ನೀರು 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ ಹಿಡಿಯೋದು.

ಮುಂಗಾರಲ್ಲಿ ಲೆಕ್ಕ ತಿರುಗುತ್ತೆ. ಮೇಲುಗಡೆ ಮಳೆ ಹಿಡೀತು ಅಂದ್ರೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ತೋಟ, ಗದ್ದೆ, ಊರ ಚರಂಡಿ ತೊಳ್ಕೊಂಡು ನಮಗೆ ನೀರು ಕೊಡೋ ಕನ್ನಂಬಾಡಿ ಕಟ್ಟೆಗೆ ಬರುತ್ವೆ. ಲವಣಾಂಶ ತೆಳುವಾಗುತ್ತೆ, ಮಣ್ಣು, ಗೊಬ್ಬರ, ಮಲದ ರೋಗಾಣು ಏರುತ್ತೆ. ಬೇಸಿಗೆಯೆಲ್ಲ ನೆಲದ ಮೇಲೆ ಬಿದ್ದಿದ್ದನ್ನ ಹೊತ್ತು ತರೋದು ಮೊದಮೊದಲ ಮಳೆಗಳೇ. ಕಟ್ಟೇಲಿ ಹೂಳು ಒಂದಷ್ಟು ಕೂರುತ್ತೆ ನಿಜ, ನುಣ್ಣನೆ ಜೇಡಿ ಬೇಗ ಕೂರಲ್ಲ.

ಬಣ್ಣಕ್ಕಿಂತ ನನಗೆ ಭಯ ಕ್ಲೋರಿನ್‌ದು. ಮಣ್ಣಿನ ಕಣದ ಮರೇಲಿ ರೋಗಾಣು ಉಳ್ಕೊಳ್ಳುತ್ತೆ, ಹಾಕಿದ ಕ್ಲೋರಿನ್ ಕೊಳೆ ಮೇಲೇ ಖರ್ಚಾಗುತ್ತೆ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಬಗ್ಗಡ (ಅದರ ಅಳತೆ ಎನ್‌ಟಿಯು) 1 ಎನ್‌ಟಿಯು ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 5ರವರೆಗೆ. ಉಳಿಕೆ ಕ್ಲೋರಿನ್, ಅಂದ್ರೆ ನಲ್ಲಿಗೆ ಬಂದಾಗಲೂ ಖರ್ಚಾಗದೆ ಉಳಿದಿರೋದು, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. 100 ಎಂಎಲ್‌ನಲ್ಲಿ ಮಲದಿಂದ ಬರೋ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಸಿಗಬಾರದು. ಮಾರ್ಚ್ ರಿಪೋರ್ಟ್ ತೆಗೆದು ನೋಡಿ: ಟಿಡಿಎಸ್ (ಕರಗಿದ ಲವಣ) ಇದೆ, ಗಡಸುತನ ಇದೆ, ಇ. ಕೋಲಿ ಕಾಲಮ್ಮೇ ಇಲ್ಲ.

ಮೂಲೆ ಮನೆ: ಸರಿ ಸಾರ್, ಆದ್ರೆ ಬಹಳ ಮನೇಲಿ ಆರ್‌ಒ ಫಿಲ್ಟರ್ ಇದೆಯಲ್ಲ.

ಪಾರ್ಕ್ ಎದುರು ಮನೆ: ವಠಾರದವರಿಗೆ ಎಲ್ಲಿದೆ ಸಾರ್? ಆ ಮಗು ಕುಡಿದಿದ್ದು ನಲ್ಲಿ ನೀರನ್ನೇ.

ಎರಡನೇ ಕ್ರಾಸ್, ನೀರಿನ ಸಮಿತಿ: ವಠಾರಕ್ಕೆ ಇವತ್ತೇ ಹೇಳಿಬಿಡಿ ಮೇಡಂ, ಬಟ್ಟೇಲಿ ಸೋಸಿ, ಕುದಿ ಬಂದ ಮೇಲೂ ಒಂದು ನಿಮಿಷ ಚೆನ್ನಾಗಿ ಮಳ್ಳಿಸಿ ಕುಡೀಲಿ. ಭಾನುವಾರ ಸ್ಯಾಂಪಲ್ ತೆಗೆಯೋಣ. ಸಂಪಿಂದ ತೆಗೆದ್ರೆ ನಿಮ್ಮ ಸಂಪೇ ಗಲೀಜು ಅಂತಾರೆ, ಅದಕ್ಕೆ ಸಂಪಿಗೆ ಮುಂಚಿನ ನಲ್ಲೀಲೇ ಹಿಡೀಬೇಕು. ಎರಡು ಮೂರು ನಿಮಿಷ ನೀರು ಬಿಟ್ಟು, ಲ್ಯಾಬ್‌ನವರು ಕೊಟ್ಟ ಬಾಟಲೀಲೇ ತುಂಬಬೇಕು, ಒಳಗಿರೋ ಪುಡಿ ತೊಳೀಬೇಡಿ. ಅದು ಕ್ಲೋರಿನ್ ಮುರಿಯೋಕೆ ಹಾಕಿರೋದು. ಕ್ಲೋರಿನ್ ಮಾತ್ರ ಅಲ್ಲೇ ನಿಂತು ಕಿಟ್‌ನಲ್ಲಿ ನೋಡ್ಬೇಕು. ಶುದ್ಧೀಕರಣ ಘಟಕದ ದಿನದ ಬಗ್ಗಡ, ಕ್ಲೋರಿನ್ ಲಾಗ್ ಬುಕ್ ಕೇಳಿ ಅರ್ಜಿ ಬರೀತಿದೀನಿ. ಮೂಲೆ ಮನೆ ಸಾರ್, ಮೊದಲ ಸಹಿ ನಿಮ್ಮದಿರಲಿ.

ಮೂಲೆ ಮನೆ: ಹಾಕ್ತೀನಿ. ಮುಂದಿನ ಬೇಸಿಗೇಲೂ, ಮಳೇಲೂ ಎರಡು ಸಲ ಮಾಡಿಸೋಕೆ ಸಂಘದ ದುಡ್ಡಲ್ಲೇ ಎತ್ತಿಡೋಣ.

ಮೂರನೇ ಕ್ರಾಸ್, ಕೊನೆ ಮನೆ: ನಮ್ಮ ಗೇಟ್ ಪಕ್ಕದ ನಲ್ಲಿ ನೇರ ಲೈನಿಂದು. ವಾಲ್‌ಮನ್ ಐದೂವರೆಗೆ ನೀರು ಬಿಡ್ತಾರೆ, ಐದೂಕಾಲಿಗೇ ಬಂದುಬಿಡಿ. ಸ್ಯಾಂಪಲ್ ತಣ್ಣಗಿಡೋಕೆ ಐಸ್ ಡಬ್ಬ ನಮ್ಮನೇಲಿದೆ. ಭಾನುವಾರ ಲ್ಯಾಬ್ ತೆಗೆದಿರುತ್ತಾ, ಫೋನ್ ಮಾಡಿ ಕೇಳಿ.