ಸಹಾಯ ಬೇಕು: ಪಾಲಿಮರ್ ಕ್ಲೇ ಮಣಿಯ ಮೇಲೆ ಬಳುಕು ಗೆರೆ ಕೆತ್ತುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪಾಲಿಮರ್ ಕ್ಲೇಯಲ್ಲಿ (ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ, ಪ್ಲಾಸ್ಟಿಕ್ಕಿನ ಜೇಡಿಯಂಥ ವಸ್ತು) ಮಣಿ ಉರುಳಿಸುವುದು, ತೂತು ಹಾಕುವುದು ಕೈಗೆ ಹತ್ತಿದೆ. ಕೆತ್ತನೆ ಮಾತ್ರ ಇನ್ನೂ ಒಲಿದಿಲ್ಲ.

ಮೊದಲು ಹಸಿ ಮಣಿಯ ಮೇಲೆಯೇ ಕೆತ್ತಲು ಹೋದೆ. ಉಳಿಯ ಜೊತೆಗೆ ಕ್ಲೇ ಎಳೆದುಕೊಂಡು ಬಂದು ಗೆರೆಯ ಎರಡೂ ಬದಿಗೆ ದಿಣ್ಣೆ ಎದ್ದಿತು, ದುಂಡಗಿದ್ದ ಮಣಿ ಬೆರಳ ಒತ್ತಡಕ್ಕೆ ಚಪ್ಪಟೆಯಾಯಿತು. ಈಗ ಪೊಟ್ಟಣದ ಮೇಲಿರುವಂತೆ 130 ಡಿಗ್ರಿ ಸೆಲ್ಸಿಯಸ್‌ಗೆ ಓವನ್ ಇಟ್ಟು 30 ನಿಮಿಷ ಬೇಯಿಸಿ, ಆರಿದ ಮೇಲೆ ಲಿನೋಕಟ್‌ಗೆ (ಲಿನೋಲಿಯಂ ಹಾಳೆ ಕೆತ್ತಿ ಅಚ್ಚು ಒತ್ತುವ ಕಲೆ) ಬಳಸುವ ‘ವಿ’ ಆಕಾರದ ಉಳಿಯಿಂದ ಕೆತ್ತುತ್ತಿದ್ದೇನೆ. ನೇರ ಗೆರೆ ಚೆನ್ನಾಗಿ ಬರುತ್ತದೆ. ಉಳಿಯ ತುದಿಯಲ್ಲಿ ಕೂದಲೆಳೆಯಂಥ ಸುರುಳಿ ಏಳುವುದನ್ನು ನೋಡುವುದೇ ಒಂದು ಸಂತೋಷ! ಆದರೆ ಎಲೆಯ ಬಳುಕಿಗೆ ತಿರುಗಿಸಿದ ಕೂಡಲೇ ಉಳಿ ಜಾರುತ್ತದೆ, ಇಲ್ಲವೇ ಅಂಚು ಪುಡಿಯಾಗಿ ಕಿತ್ತುಬರುತ್ತದೆ. ಒಮ್ಮೆ ಹೆಬ್ಬೆರಳಿಗೂ ತಾಗಿತು. ಬೇಯುವುದು ಸಾಲದೆ ಪುಡಿಯಾಗುತ್ತಿದೆ ಎಂದು ನನ್ನ ಅನುಮಾನ; ಓವನ್ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ 115 ದಾಟಿರಲಿಲ್ಲ. ಅದೇ ಮಣಿಗಳನ್ನು ಮತ್ತೆ ಬೇಯಿಸಿದರೆ ಗಟ್ಟಿಯಾಗುತ್ತವೆಯೇ, ಅಥವಾ ಹೊಸದಾಗಿಯೇ ಮಾಡಬೇಕೇ?

ನನ್ನ ಮಣಿಗಳು 12 ಮಿಲಿಮೀಟರಿನವು. ಇಷ್ಟು ಚಿಕ್ಕದನ್ನು ನೀವು ಯಾವುದರಲ್ಲಿ ಹಿಡಿದುಕೊಳ್ಳುತ್ತೀರಿ? ಉಳಿಯನ್ನು ಅಲುಗಿಸದೆ ಮಣಿಯನ್ನೇ ತಿರುಗಿಸಬೇಕೇ? ಬೆಚ್ಚಗಿರುವಾಗಲೇ ಕೆತ್ತಿದರೆ ಸುಲಭ ಎನ್ನುತ್ತಾರೆ, ಮಾಡಿ ನೋಡಿದವರು ತಿಳಿಸಿ.

ಇನ್ನೊಂದು ಆಸೆಯೂ ಇದೆ. ಕಪ್ಪು ಮಣಿಯ ಗೆರೆಗಳಿಗೆ ಬಿಳಿ ಕ್ಲೇ ತುಂಬಿ, ಮತ್ತೆ ಬೇಯಿಸಿ, 400 ಮತ್ತು 600ರ ಮರಳು ಕಾಗದದಿಂದ ನೀರಿನಲ್ಲಿ ಉಜ್ಜಬೇಕೆಂದಿದ್ದೇನೆ. ತುಂಬಿದ ಕ್ಲೇ ಉದುರದೆ ನಿಲ್ಲಲು ಗೆರೆ ಎಷ್ಟು ಆಳವಿರಬೇಕು? ನಿಮ್ಮ ಕೆತ್ತನೆಯ ಹತ್ತಿರದ ಚಿತ್ರವೊಂದಿದ್ದರೆ ದಯವಿಟ್ಟು ಹಾಕಿ.