ಸಹಾಯ ಬೇಕು: ಮುತ್ತಜ್ಜ ಯುದ್ಧಭೂಮಿಯಿಂದ ಬರೆದ ಕಾಗದಗಳನ್ನು ಓದಿಸಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಬಳಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಅರಿಸಿನದ ಕಲೆಯಿರುವ ಬಟ್ಟೆಯಲ್ಲಿ ಸುತ್ತಿಟ್ಟ ಏಳು ಕಾಗದಗಳು ಈಚೆಗೆ ಸಿಕ್ಕಿವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದೊಂದಿಗೆ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗೆ ಹೋಗಿದ್ದ ನನ್ನ ಮುತ್ತಜ್ಜ, ಊರಿನಲ್ಲಿದ್ದ ಮುತ್ತಜ್ಜಿಗೆ ಅವುಗಳನ್ನು ಬರೆದಿದ್ದರು.

ಓದಲು ಸಾಧ್ಯವಾದಷ್ಟರಲ್ಲಿ ಯುದ್ಧದ ಮಾತು ಬಹಳ ಕಡಿಮೆ. ಹಸು ಕರು ಹಾಕಿತೇ, ಅವರೆಕಾಯಿಗೆ ಸೊಗಡು ಬಂದಿದೆಯೇ, ಕನ್ನಂಬಾಡಿ ಕಟ್ಟೆ ಎಷ್ಟು ಎತ್ತರಕ್ಕೆ ಎದ್ದಿದೆ ಎಂದೇ ಕೇಳುತ್ತಾರೆ. 1911ರಲ್ಲಿ ಆರಂಭವಾದ ಆ ಕೆಲಸ ಆಗಿನ್ನೂ ನಡೆಯುತ್ತಿತ್ತು. ಮುತ್ತಜ್ಜಿಗೆ ಓದು ಬರುತ್ತಿರಲಿಲ್ಲ. ಬೇರೆಯವರು ಗಟ್ಟಿಯಾಗಿ ಓದಿ ಹೇಳುತ್ತಾರೆಂಬ ಸಂಕೋಚದಿಂದಲೋ ಏನೋ, ಆಕೆಗೆಂದೇ ಬರೆದ ಮಾತು ಪ್ರತಿ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದೇ ಸಾಲು. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದ ನಂತರ ಬರೆದ ಕೊನೆಯ ಕಾಗದದಲ್ಲಿ ಆ ಸಾಲೇ ಮಡಿಕೆಯ ಮೇಲೆ ಬಿದ್ದು, ನೀರು ತಗುಲಿ ಅಳಿಸಿಹೋಗಿದೆ. 'ನೀನು' ಎಂಬ ಪದವೊಂದೇ ಕಾಣುತ್ತದೆ.

ಹಳೆಯ ಕೈಬರಹವನ್ನು ಓದಬಲ್ಲವರು ಮೈಸೂರು ಅಥವಾ ಮಂಡ್ಯದಲ್ಲಿದ್ದರೆ ದಯವಿಟ್ಟು ತಿಳಿಸಿ. ಲ್ಯಾಮಿನೇಷನ್ ಮಾಡಿಸುವಂತೆ ಅಂಗಡಿಯವರೊಬ್ಬರು ಹೇಳಿದರು, ಆದರೆ ಒಮ್ಮೆ ಅಂಟಿಸಿದರೆ ಮತ್ತೆ ಬಿಡಿಸಲಾಗದೆಂದು ನಾನು ಒಪ್ಪಲಿಲ್ಲ. ಕಾಗದ ಕೆಡದಂತೆ ಕಾಪಾಡುವ ಕ್ರಮವನ್ನೂ, ಲ್ಯಾನ್ಸರ್ಸ್ ಸೈನಿಕರ ಸೇವಾ ದಾಖಲೆಗಳನ್ನು ರಾಜ್ಯ ಪತ್ರಾಗಾರದಲ್ಲಿ ಹುಡುಕಿದ ಅನುಭವವನ್ನೂ ಬಲ್ಲವರು ಬರೆದರೆ ಉಪಕಾರವಾಗುತ್ತದೆ. ನನ್ನ ಅಜ್ಜಿಗೆ ಈಗ ತೊಂಬತ್ತು ದಾಟಿದೆ. ಅವ್ವನಿಗೆ ತನ್ನ ಅಪ್ಪ ಬರೆದ ಆ ಸಾಲನ್ನು ಕೇಳಬೇಕೆಂದು ದಿನವೂ ವಿಚಾರಿಸುತ್ತಾರೆ.