ಪುಟ್ಟನ ಆಟ ಬಿಡಿಸಬೇಡಿ ಅತ್ತಿಗೆ

ಅತ್ತಿಗೆ, ನಿನ್ನೆ ರಾತ್ರಿ ನೀವು ಮನೆಯವರ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ಆಸ್ಪತ್ರೆ ಡ್ಯೂಟಿ ಮುಗಿಸಿ ನೋಡಿದೆ. ಪುಟ್ಟ ಫುಟ್ಬಾಲ್ ಆಡಿ ಬಂದು ಕೂತ ಮೇಲೆ ಕೆಮ್ಮುತ್ತಾನೆ, ಎದೆ ಸುಯ್ ಅನ್ನುತ್ತದೆ, ಡಾಕ್ಟರು ಆಸ್ತಮಾ ಅಂತ ಇನ್ಹೇಲರ್ ಬರೆದಿದ್ದಾರೆ, ಕೊಡಲೋ ಬೇಡವೋ, ಆಟ ಬಿಡಿಸಲೋ ಅಂತ ಕೇಳಿದ್ದೀರಿ. ಅದರ ಕೆಳಗೆ ದೊಡ್ಡಪ್ಪ "ಪಂಪ್ ಹಿಡಿಸಿದರೆ ಜೀವನಪೂರ್ತಿ ಬಿಡೋಕಾಗಲ್ಲ, ಮಾತ್ರೆ ಕೊಡಿ ಸಾಕು" ಅಂದಿದ್ದಾರೆ. ದೊಡ್ಡಪ್ಪ, ನಿಮಗೆ ಅವನ ಮೇಲೆ ಎಷ್ಟು ಪ್ರೀತಿ ಅಂತ ಗೊತ್ತು, ಆದರೆ ಈ ಮಾತು ನಾನು ಒಪ್ಪುವುದಿಲ್ಲ. ಪಂಪ್ ಬಿಟ್ಟು ಉಸಿರಿಗೆ ಪರದಾಡುತ್ತಾ ನಮ್ಮ ವಾರ್ಡಿಗೆ ಬರುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾತ್ರೆಯ ಲೆಕ್ಕವನ್ನೇ ನೋಡಿ. ಉಸಿರುಕೊಳವೆ ಸಡಿಲ ಮಾಡುವ ಸಾಲ್ಬುಟಮಾಲ್ ಅನ್ನುವ ಔಷಧಿಯ ಮಾತ್ರೆಯಲ್ಲಿ 2 ಇಲ್ಲವೇ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿ ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆ ಅಂದರೆ 40 ಪಫ್‌ನಷ್ಟು! ಅದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಇಡೀ ಮೈ ಸುತ್ತಿ ಆಮೇಲೆ ಎದೆಗೆ ಬರುತ್ತದೆ, ಅದಕ್ಕೇ ಕೈ ನಡುಗುವುದು, ಎದೆ ಡವಡವ ಹೊಡೆದುಕೊಳ್ಳುವುದು. ಪಂಪ್ ನೇರ ಶ್ವಾಸಕೋಶಕ್ಕೆ ಹೋಗಿ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ. ಚಟ ಹಿಡಿಸುವಂಥದ್ದು ಅದರಲ್ಲಿ ಏನೂ ಇಲ್ಲ.

ಅತ್ತಿಗೆ, ಚೀಟಿಯಲ್ಲಿ ಎರಡು ಪಂಪ್ ಇದೆಯಾ ನೋಡಿ. ಒಂದು ಉಸಿರುಕೊಳವೆಯನ್ನು ತಕ್ಷಣ ಸಡಿಲ ಮಾಡುವುದು. ಇನ್ನೊಂದು ಒಳಗಿನ ಊತ ಇಳಿಸುವ ಸ್ಟೀರಾಯ್ಡ್, ದಿನಾ ಎಳೆದುಕೊಳ್ಳುವುದು. ಮನೆಮನೆಯಲ್ಲೂ ನಿಲ್ಲಿಸಿಬಿಡುವುದು ಈ ಎರಡನೆಯದನ್ನೇ, ಸ್ಟೀರಾಯ್ಡ್ ಅಂದ ಹೆಸರಿಗೇ ಹೆದರಿ, ಇಲ್ಲವೇ ಎರಡು ವಾರ ಚೆನ್ನಾಗಿದ್ದಾನಲ್ಲ ಅಂತ. ದಯವಿಟ್ಟು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ, ಬಾಯಲ್ಲಿ ಬೆಳ್ಳಗೆ ಕಟ್ಟುವುದು ತಪ್ಪುತ್ತದೆ. ಪಂಪಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಸ್ಪೇಸರ್, ಖಂಡಿತ ತಗೊಳ್ಳಿ, ಅದಿಲ್ಲದಿದ್ದರೆ ಔಷಧಿ ಜಾಸ್ತಿ ಗಂಟಲಲ್ಲೇ ಅಂಟಿಕೊಳ್ಳುತ್ತದೆ.

ಇನ್ನು ಆಟ. ಸುಮ್ಮನೆ ಇದ್ದಾಗ ಮೂಗು ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಒಳಗೆ ಕಳಿಸುತ್ತದೆ. ಜೋರಾಗಿ ಓಡುವಾಗ ಬಾಯಲ್ಲಿ ಉಸಿರಾಡುತ್ತೇವೆ, ಒಣಗಾಳಿ ನೇರ ಒಳಗೆ ನುಗ್ಗಿ ಕೊಳವೆಯ ತೇವ ಹೀರುತ್ತದೆ, ಆಸ್ತಮಾ ಇರುವವರಲ್ಲಿ ಅದು ಬಿಗಿದುಕೊಳ್ಳುತ್ತದೆ. ಎಷ್ಟೋ ಸಲ ಓಟ ನಿಲ್ಲಿಸಿದ ಐದು ಹತ್ತು ನಿಮಿಷಕ್ಕೇ ಇದು ಜೋರು, ಪುಟ್ಟನಿಗೆ ಆಗುತ್ತಿರುವುದೂ ಹಾಗೇ ಅಲ್ವಾ? ಮ್ಯಾಚಿಗೆ ಮುಂಚೆ 10-15 ನಿಮಿಷ ಮೆಲ್ಲಗೆ ಓಡಿ, ನಡುನಡುವೆ ಚಿಕ್ಕ ಚಿಕ್ಕ ಜೋರು ಓಟ ಹಾಕಿ ಮೈ ಬಿಸಿ ಮಾಡಿಕೊಂಡರೆ ಎಷ್ಟೋ ಮಕ್ಕಳಿಗೆ ಕಡಿಮೆ ಆಗುತ್ತದೆ. ಆಟಕ್ಕೆ ಮುಂಚೆ ಪಫ್ ಬೇಕಾ ಅಂತ ಡಾಕ್ಟರನ್ನೇ ಕೇಳಿ.

ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್ ಅವರಿಗೆ ಚಿಕ್ಕ ವಯಸ್ಸಿನಿಂದಲೇ ಆಸ್ತಮಾ. 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದರು, ಆ ವಿಶ್ವದಾಖಲೆ 2019ರವರೆಗೆ ಯಾರಿಂದಲೂ ಮುರಿಯೋಕೆ ಆಗಲಿಲ್ಲ. ಅಮೆರಿಕದ ಜಾಕಿ ಜಾಯ್ನರ್ ಕರ್ಸಿ ಆಸ್ತಮಾ ಇಟ್ಟುಕೊಂಡೇ 1988, 1992 ಎರಡೂ ಒಲಿಂಪಿಕ್ಸ್‌ನಲ್ಲಿ ಹೆಪ್ಟಥ್ಲಾನ್ (ಓಟ, ಜಿಗಿತ, ಎಸೆತ ಸೇರಿದ ಏಳು ಸ್ಪರ್ಧೆ) ಚಿನ್ನ ಗೆದ್ದವರು. ಇದನ್ನು ಪುಟ್ಟನಿಗೆ ಹೇಳಿ, ಪಂಪ್ ಎಳೆಯುವುದಕ್ಕೆ ಗೆಳೆಯರ ಮುಂದೆ ನಾಚಿಕೊಳ್ಳುತ್ತಾನೆ ಅಂದಿರಲ್ಲ.

ಅಣ್ಣ, ನೀನೂ ಕೇಳಿಸಿಕೋ. ಬಾಲ್ಕನಿಯಲ್ಲಿ ನಿಂತು ಸೇದಿದರೂ ಹೊಗೆ ಒಳಗೆ ಬರುತ್ತದೆ, ನಿನ್ನ ಅಂಗಿಯಲ್ಲೂ ಬರುತ್ತದೆ. ಬಿಟ್ಟುಬಿಡು, ಮಗುವಿಗೋಸ್ಕರ. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆ ಅವನ ರೂಮಿನಲ್ಲಿ ಬೇಡ. ಗ್ರೌಂಡಿನ ಸುತ್ತ ಕಾಂಗ್ರೆಸ್ ಗಿಡ ಹೂಬಿಟ್ಟಿದ್ದರೆ ಕೀಳಿಸೋಕೆ ಪಿಟಿ ಮೇಷ್ಟರಿಗೆ ಹೇಳಿ. ಮೃಗಶಿರದಲ್ಲಿ ಹೈದರಾಬಾದಿನ ಮೀನಿನ ಔಷಧಿಗೆ ಕರೆದುಕೊಂಡು ಹೋಗೋಣ ಅಂತ ಚಿಕ್ಕಪ್ಪ ಹಾಕಿದ್ದಾರೆ, ಅದರಿಂದ ಆಸ್ತಮಾ ವಾಸಿಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ ಚಿಕ್ಕಪ್ಪ, ಅದನ್ನು ನಂಬಿ ಪಂಪ್ ನಿಲ್ಲಿಸುವುದಂತೂ ಬೇಡವೇ ಬೇಡ.

ಒಂದು ವಾಕ್ಯ ಪೂರ್ತಿ ಹೇಳೋಕೆ ಆಗದಷ್ಟು ಏದುಸಿರು, ಪಕ್ಕೆಲುಬಿನ ಸಂದು ಒಳಗೆ ಸೆಳೆದುಕೊಳ್ಳುವುದು, ತುಟಿ ನೀಲಿ, ಇಂಥದ್ದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಸಡಿಲ ಮಾಡುವ ಪಂಪ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಓಡುವಾಗ ತಲೆಸುತ್ತಿ ಬಿದ್ದರೆ, ಎದೆ ನೋವು ಬಂದರೆ ಹೃದಯವನ್ನೂ ತೋರಿಸಬೇಕು.

ಸ್ಪೇಸರ್ ತಂದ ದಿನ ನನಗೆ ವಿಡಿಯೋ ಕಾಲ್ ಮಾಡಿಸಿ. ಅವನು ಹೇಗೆ ಎಳೆಯುತ್ತಾನೆ, ಹತ್ತು ಎಣಿಸುವವರೆಗೆ ಉಸಿರು ಹಿಡಿಯುತ್ತಾನಾ ಅಂತ ನಾನೇ ನೋಡುತ್ತೇನೆ.